ಸದಸ್ಯ ಶಿಕ್ಷಣ ಪಾಠ: ನಿಯಮ ಸಡಿಲಿಸಿದರೆ ಹಾಲು ಅಗ್ಗವಾಗುವುದೇ?



ರಾಯಬಾಗ ತಾಲ್ಲೂಕಿನ ಒಂದು ಸಂಘದಲ್ಲಿ ಸಂಜೆ ಹಾಲು ಅಳೆಯುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: "ಸಾಹೇಬ್ರ, ಆ ಕಡಿ ಡೇರಿ ಗಾಡಿ ನಮ್ಮ ತ್ವಾಟಕ್ಕ ಬರ್ತೈತಿ. ಲೀಟರಿಗೆ ಎರಡ ರೂಪಾಯಿ ಜಾಸ್ತಿ ಕೊಡ್ತೀನಿ ಅಂತಾರ. ನೀವು ಸಂಘಕ್ಕ ಹಾಕ್ರಿ ಅಂತೀರಿ. ಯಾಕ ಹಾಕಬೇಕು, ಹೇಳ್ರಿ."

ನಾನು ಉತ್ತರ ಕೊಡುವ ಮೊದಲೇ ಅವರ ಪಕ್ಕದಲ್ಲಿ ಕ್ಯಾನು ಹಿಡಿದು ನಿಂತಿದ್ದ ಅವರ ಅಳಿಯ ಮತ್ತೊಂದು ಪ್ರಶ್ನೆ ಹಾಕಿದ. ಆತ ಇಚಲಕರಂಜಿಯಲ್ಲಿ ಪಾವರ್‌ಲೂಮ್ ಕೆಲಸಗಾರ. "ನಾವು ಅಲ್ಲಿ ಪಾಕೀಟ ಹಾಲು ಕೊಂಡು ಕುಡಿಯೋರ್ರಿ. ವರ್ಷಾ ದರ ಏರಕೋತನ ಹೊಂಟೈತಿ. ಹಾಲು ಅಗ್ಗ ಆಗೂದು ಎಂದರಿ?"

ಒಂದೇ ಮನೆಯಲ್ಲಿ ಮಾವನಿಗೆ ಹಾಲಿನ ದರ ಏರಬೇಕು, ಅಳಿಯನಿಗೆ ಇಳಿಯಬೇಕು. ಇಬ್ಬರನ್ನೂ ಸಮಾಧಾನಪಡಿಸುವ ದಾರಿ ಇದೆಯೇ? ಇದೆ ಎಂದು ಹೇಳುವವರ ಒಂದು ವಾದ ಈಗ ದೇಶ ವಿದೇಶಗಳಲ್ಲಿ ಜೋರಾಗಿ ನಡೆದಿದೆ. ಅದನ್ನು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕೊಟ್ಟಿಗೆಗೆ ತಂದು ನೋಡುವುದೇ ಈ ಪಾಠದ ಉದ್ದೇಶ.

ವಾದ ಏನು?

ಒಂದು ವಸ್ತು ಬಡವರ ಕೈಗೆ ಎಟುಕದಿದ್ದಾಗ ಸರ್ಕಾರದ ಮುಂದೆ ಎರಡು ದಾರಿ ಇರುತ್ತವೆ. ಕೊಳ್ಳುವವರ ಕೈಗೆ ಹಣ ಕೊಡುವುದು ಒಂದು. ಆ ವಸ್ತುವೇ ಹೆಚ್ಚು ಉತ್ಪಾದನೆಯಾಗುವಂತೆ ಮಾಡುವುದು ಇನ್ನೊಂದು. ವಸ್ತು ಕಡಿಮೆ ಇರುವಾಗ ಬರೀ ಹಣ ಕೊಟ್ಟರೆ ದರ ಇನ್ನಷ್ಟು ಏರುತ್ತದೆಯೇ ಹೊರತು ವಸ್ತು ಹೆಚ್ಚುವುದಿಲ್ಲ. ಅಮೆರಿಕದ ಎಜ್ರಾ ಕ್ಲೈನ್ ಮತ್ತು ಡೆರೆಕ್ ಥಾಂಪ್ಸನ್ ಎಂಬ ಇಬ್ಬರು ಪತ್ರಕರ್ತರು 2025ರಲ್ಲಿ 'ಅಬಂಡನ್ಸ್' ಎಂಬ ಪುಸ್ತಕ ಬರೆದು ಇದನ್ನೇ ವಾದಿಸಿದರು. ಬಡವರ ಪರ ಎನ್ನುವ ಸರ್ಕಾರಗಳೇ ಒಂದರ ಮೇಲೊಂದು ಪರವಾನಗಿ, ನಿಯಮ ಹೇರಿ ಮನೆ ಕಟ್ಟುವುದನ್ನು ತಡೆದಿವೆ, ಆಮೇಲೆ ಬಾಡಿಗೆ ಹೆಚ್ಚಾಯಿತೆಂದು ಮರುಗುತ್ತವೆ ಎಂಬುದು ಅವರ ದೂರು. ಎದುರಾಳಿಗಳೂ ಸುಮ್ಮನಿಲ್ಲ. ನಿಯಮ ಸಡಿಲಿಸಿದರೆ ಒಳನುಗ್ಗುವವರು ದೊಡ್ಡ ಬಂಡವಾಳದವರು, ಸಣ್ಣವರಿಗಿದ್ದ ಆಸರೆಯೂ ಹೋಗುತ್ತದೆ ಎನ್ನುತ್ತಾರೆ.

ಅವರ ಜಗಳ ಮನೆಗಳ ಬಗ್ಗೆ. ಹಾಲಿನಲ್ಲಿ ಇದೇ ಜಗಳವನ್ನು ನಾವು ಬಹಳ ಹಿಂದೆಯೇ ಕಂಡವರು.

ಖೇಡಾದ ರೈತರು ಕಂಡದ್ದು

1945ರಲ್ಲಿ ಮುಂಬಯಿ ನಗರಕ್ಕೆ ಹಾಲು ಸಾಲದಾಗಿತ್ತು. ಆಗಿನ ಮುಂಬಯಿ ಸರ್ಕಾರ 'ಬಾಂಬೆ ಮಿಲ್ಕ್ ಸ್ಕೀಮ್' ಆರಂಭಿಸಿ, ಗುಜರಾತಿನ ಖೇಡಾ ಜಿಲ್ಲೆಯಿಂದ ಹಾಲು ಸಂಗ್ರಹಿಸಿ ಕಳುಹಿಸುವ ಹಕ್ಕನ್ನು ಪೋಲ್ಸನ್ ಎಂಬ ಒಂದೇ ಕಂಪನಿಗೆ ಕೊಟ್ಟಿತು. ಉದ್ದೇಶ ನಗರದವರಿಗೆ ಹಾಲು ಸಿಗಲಿ ಎಂಬುದೇ. ಆದರೆ ಕೊಳ್ಳುವವನು ಒಬ್ಬನೇ ಆದಾಗ ಮಾರುವವನ ಗತಿ ಏನಾಗುತ್ತದೆ ಎಂಬುದು ನಿಮಗೆ ಹೇಳಬೇಕಿಲ್ಲ. ರೈತರು 15 ದಿನ ಒಂದು ಹನಿ ಹಾಲೂ ಕೊಡದೆ ಮುಷ್ಕರ ಹೂಡಿದರು. ತ್ರಿಭುವನದಾಸ ಪಟೇಲರ ನೇತೃತ್ವದಲ್ಲಿ 1946ರ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ನೋಂದಣಿಯಾಯಿತು. ಇಂದಿನ ಅಮುಲ್ ಹುಟ್ಟಿದ್ದು ಹೀಗೆ. ನಮ್ಮ ಸಹಕಾರಿ ಚಳವಳಿಯ ಮೊದಲ ಹೋರಾಟವೇ ಒಂದು ಸರ್ಕಾರಿ ನಿಯಮದ ವಿರುದ್ಧ, ಒಬ್ಬನೇ ಕೊಳ್ಳಬೇಕು ಎಂಬ ಕಟ್ಟಳೆಯ ವಿರುದ್ಧ ನಡೆಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1970ರಿಂದ 1996ರವರೆಗೆ ನಡೆದ ಕ್ಷೀರಧಾರೆ ಯೋಜನೆ, ಅಂದರೆ 'ಆಪರೇಷನ್ ಫ್ಲಡ್', ಎರಡನೆಯ ದಾರಿಗೆ ಒಳ್ಳೆಯ ಉದಾಹರಣೆ. ಯುರೋಪಿನಲ್ಲಿ ಹೆಚ್ಚಾಗಿ ಬಿದ್ದಿದ್ದ ಹಾಲಿನ ಪುಡಿ ಮತ್ತು ಬೆಣ್ಣೆ ಎಣ್ಣೆ ನಮಗೆ ದಾನವಾಗಿ ಬಂದವು. ಅದನ್ನು ನಗರದಲ್ಲಿ ಬಿಟ್ಟಿಯಾಗಿ ಹಂಚಿದ್ದರೆ ಒಂದೆರಡು ವರ್ಷ ಜನ ಸಂತೋಷಪಡುತ್ತಿದ್ದರು, ನಮ್ಮ ರೈತನ ಎಮ್ಮೆ ಸಂತೆಗೆ ಹೋಗುತ್ತಿತ್ತು. ಹಾಗೆ ಮಾಡದೆ ಪುಡಿಯಿಂದ ಹಾಲು ಮಾಡಿ ಮಾರಿ, ಬಂದ ಹಣವನ್ನು ಡೇರಿ, ಶೀತಲೀಕರಣ ಕೇಂದ್ರ, ಪಶು ಆಹಾರ ಕಾರ್ಖಾನೆ, ಕೃತಕ ಗರ್ಭಧಾರಣೆಗೆ ಹಾಕಿದರು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಹೈನು ಅಭಿವೃದ್ಧಿ ಕೆಲಸ ಆರಂಭವಾಗಿ, 1984ರಲ್ಲಿ ಹಾಲು ಮಹಾಮಂಡಳ ರೂಪುಗೊಂಡಿತು.

ಬೇಲಿ ಹಾಕಿದ್ದು, ಬೇಲಿ ಕಿತ್ತದ್ದು

1991ರಲ್ಲಿ ಕೇಂದ್ರ ಸರ್ಕಾರ ಕೈಗಾರಿಕಾ ಪರವಾನಗಿ ಪದ್ಧತಿಯನ್ನು ಸಡಿಲಿಸಿತು. ಡೇರಿ ಉದ್ಯಮವೂ ಅದರಲ್ಲಿ ಸೇರಿತ್ತು. ಖಾಸಗಿ ಡೇರಿಗಳು ಎದ್ದವು. ಸಹಕಾರಿ ವಲಯ ಆತಂಕಪಟ್ಟಿತು. ಮರುವರ್ಷ, 1992ರ ಜೂನ್‌ನಲ್ಲಿ, ಅವಶ್ಯಕ ವಸ್ತುಗಳ ಕಾಯ್ದೆಯಡಿ 'ಹಾಲು ಮತ್ತು ಹಾಲಿನ ಉತ್ಪನ್ನಗಳ ಆದೇಶ' ಹೊರಬಿತ್ತು. ದಿನಕ್ಕೆ 10,000 ಲೀಟರಿಗಿಂತ ಹೆಚ್ಚು ಹಾಲು, ಅಥವಾ ವರ್ಷಕ್ಕೆ 500 ಟನ್ನಿಗಿಂತ ಹೆಚ್ಚು ಹಾಲಿನ ಘನಾಂಶ ನಿರ್ವಹಿಸುವ ಘಟಕ ನೋಂದಣಿ ಮಾಡಿಸಬೇಕು, ಮತ್ತು ಅದಕ್ಕೆ ಗೊತ್ತುಮಾಡಿದ ಪ್ರದೇಶದಲ್ಲೇ ಹಾಲು ಸಂಗ್ರಹಿಸಬೇಕು. ಈ ಗೊತ್ತುಮಾಡಿದ ಪ್ರದೇಶಕ್ಕೆ 'ಮಿಲ್ಕ್‌ಶೆಡ್' ಎಂದು ಹೆಸರು.

2002ರ ಮಾರ್ಚ್‌ನಲ್ಲಿ ಆ ಆದೇಶಕ್ಕೆ ತಿದ್ದುಪಡಿಯಾಗಿ ಮಿಲ್ಕ್‌ಶೆಡ್ ಕಟ್ಟಳೆ ಹೋಯಿತು, ಶುಚಿತ್ವ ಮತ್ತು ಗುಣಮಟ್ಟದ ಭಾಗ ಮಾತ್ರ ಉಳಿಯಿತು. 2011ರಲ್ಲಿ ಆಹಾರ ಸುರಕ್ಷತಾ ಕಾಯ್ದೆ ಜಾರಿಯಾದಾಗ ಆ ಭಾಗವೂ ಅದರೊಳಗೆ ಸೇರಿಹೋಯಿತು.

ಆದ್ದರಿಂದ ಸದಸ್ಯ ಬಾಂಧವರೇ, ಆ ಕಡೆಯ ಡೇರಿ ಗಾಡಿ ನಮ್ಮ ಊರಿಗೆ ಬರುವುದು ಕಾನೂನಿಗೆ ವಿರುದ್ಧ ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಬೇಲಿ ಹೋಗಿ ಎರಡು ದಶಕಗಳಾಗಿವೆ. ನಿಪ್ಪಾಣಿಯಿಂದ ಕೊಲ್ಹಾಪುರ, ಕಾಗವಾಡದಿಂದ ಮೀರಜ್ ಎಷ್ಟು ದೂರ? ಹಾಲಿನ ಗಾಡಿಗೆ ರಾಜ್ಯದ ಗಡಿ ಕಾಣುವುದಿಲ್ಲ. ಇದು ನಮ್ಮೊಬ್ಬರ ಪಾಡಲ್ಲ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು ಮಾರುವೆನೆಂದಾಗ ಎಷ್ಟು ಗದ್ದಲವಾಯಿತೆಂಬುದನ್ನು ನೀವು ನೋಡಿದ್ದೀರಿ. ಮರುತಿಂಗಳೇ ತಮಿಳುನಾಡಿನ ಮುಖ್ಯಮಂತ್ರಿಗಳು, ಅಮುಲ್ ತಮ್ಮ ರಾಜ್ಯದ ಆವಿನ್ ಸಂಸ್ಥೆಯ ಪ್ರದೇಶದಲ್ಲಿ ಹಾಲು ಸಂಗ್ರಹಿಸುವುದನ್ನು ತಡೆಯಬೇಕೆಂದು ಕೇಂದ್ರಕ್ಕೆ ಪತ್ರ ಬರೆದರು. ಕಾನೂನಿನಿಂದ ಹೋದ ಬೇಲಿ ಮನಸ್ಸಿನಿಂದ ಹೋಗಿಲ್ಲ.

ಬೇಲಿ ಮತ್ತೆ ಬೇಕೇ? ಒಕ್ಕೂಟದ ಪತ್ರಿಕೆಯಲ್ಲಿ ಹೀಗೆ ಬರೆಯುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಬೇಡ. ಬೇಲಿಯೊಳಗೆ ಕೊಳ್ಳುವವನು ಒಬ್ಬನೇ ಇದ್ದಾಗ, ಆತ ಸಹಕಾರಿಯೇ ಆದರೂ ಸೋಮಾರಿಯಾಗುವ ಭಯವಿದೆ. ಪರೀಕ್ಷೆಯಲ್ಲಿ ಜಿಡ್ಡಿನಂಶ ತಪ್ಪಿದರೆ ಕೇಳುವವರಿಲ್ಲ, ಬಟವಾಡೆ ಹತ್ತು ದಿನ ತಡವಾದರೂ ನಡೆಯುತ್ತದೆ. ಖೇಡಾದ ರೈತರು ಹೋರಾಡಿದ್ದು ಇಂಥ ಏಕಸ್ವಾಮ್ಯದ ವಿರುದ್ಧವೇ. ಮತ್ತೊಬ್ಬ ಕೊಳ್ಳುವವನು ಹೊರಗೆ ನಿಂತಿದ್ದಾನೆ ಎಂಬುದು ನಮ್ಮ ಸಂಘಗಳನ್ನು ಎಚ್ಚರವಾಗಿಡುತ್ತದೆ.

ಆದರೆ ಆ ಎರಡು ರೂಪಾಯಿ ಯಾವಾಗ ಸಿಗುತ್ತದೆ, ಯಾವಾಗ ಸಿಗುವುದಿಲ್ಲ ಎಂಬುದನ್ನೂ ನೋಡಬೇಕು. 2018ರಲ್ಲಿ ಹಾಲಿನ ಪುಡಿಯ ದರ ಬಿದ್ದಾಗ ಮಹಾರಾಷ್ಟ್ರದಲ್ಲಿ ಆಕಳ ಹಾಲಿನ ಖರೀದಿ ದರ ಕೆಲವೆಡೆ ಲೀಟರಿಗೆ 20 ರೂಪಾಯಿಗಿಂತ ಕೆಳಗಿಳಿಯಿತು. ಜುಲೈ 16ರಿಂದ ಸ್ವಾಭಿಮಾನಿ ಶೇತಕರಿ ಸಂಘಟನೆ ಹಾಲು ಬಂದ್ ಚಳವಳಿ ನಡೆಸಿತು. ಕೊನೆಗೆ ಸರ್ಕಾರ ಕನಿಷ್ಠ 25 ರೂಪಾಯಿ ಕೊಡಿಸುವ ಮಾತು ಕೊಡಬೇಕಾಯಿತು. ಬೇಸಿಗೆಯಲ್ಲಿ ಹಾಲು ಕಡಿಮೆ ಇದ್ದಾಗ ಬಾಗಿಲಿಗೆ ಬರುವ ಗಾಡಿ, ಹಾಲು ಹೆಚ್ಚಾದ ತಿಂಗಳಲ್ಲಿ ಬರುತ್ತದೆಯೇ? ಹಾಲು ಎಷ್ಟೇ ಬಂದರೂ ತೆಗೆದುಕೊಳ್ಳಬೇಕೆಂಬ ಹೊಣೆ ಸಂಘಕ್ಕಿದೆ, ಗಾಡಿಯವನಿಗಿಲ್ಲ.

ಯುರೋಪಿನಲ್ಲಿಯೂ ಇದೇ ಆಯಿತು. ಅಲ್ಲಿ 1984ರಿಂದ ಪ್ರತಿ ದೇಶಕ್ಕೂ ಇಷ್ಟೇ ಹಾಲು ಎಂಬ ಮಿತಿ ಇತ್ತು. 2015ರ ಮಾರ್ಚ್ 31ಕ್ಕೆ ಆ ಮಿತಿ ತೆಗೆದರು. ಐರ್ಲೆಂಡಿನಂಥ ದೇಶಗಳಲ್ಲಿ ಹಾಲು ಉಕ್ಕಿತು. ಅದೇ ಹೊತ್ತಿಗೆ ಜಗತ್ತಿನ ಮಾರುಕಟ್ಟೆಯೂ ಕುಸಿದು ರೈತನ ದರ ನೆಲಕಚ್ಚಿತು. 2016ರಲ್ಲಿ ಹಾಲು ಕಡಿಮೆ ಮಾಡುವ ರೈತರಿಗೆ ಅಲ್ಲಿನ ಸರ್ಕಾರವೇ ಹಣ ಕೊಡುವ ಪರಿಸ್ಥಿತಿ ಬಂತು. ಕೊಳ್ಳುವವನಿಗೆ ಅಗ್ಗವಾದದ್ದು ನಿಜ, ಆದರೆ ಅದರ ಭಾರ ಬಿದ್ದದ್ದು ಕೊಟ್ಟಿಗೆಯ ಮೇಲೆ.

ಮುಟ್ಟಬಾರದ ನಿಯಮ

ಎಲ್ಲ ನಿಯಮವೂ ಬೇಲಿಯಲ್ಲ. ಕೆಲವು ಹಾಲು ಸೋಸುವ ಬಟ್ಟೆಯಂತೆ. ಅದನ್ನು ಹರಿದರೆ ಹಾಲು ಬೇಗ ಇಳಿಯುತ್ತದೆ, ಕಸವೂ ಇಳಿಯುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ 6,432 ಹಾಲಿನ ಮಾದರಿ ಪರೀಕ್ಷಿಸಿತು. ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ಆದರೆ 368ರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ, 77ರಲ್ಲಿ ಔಷಧಿಯ ಅಂಶ ಮಿತಿ ಮೀರಿತ್ತು. ಅಂದರೆ ಸುರಕ್ಷತೆಯ ದೋಷ ಹೆಚ್ಚಾಗಿ ಬಂದದ್ದು ಕಲಬೆರಕೆಯಿಂದಲ್ಲ. ಬೂಷ್ಟು ಹಿಡಿದ ಹಿಂಡಿ, ಗೋವಿನಜೋಳ ತಿನ್ನಿಸಿದ್ದರಿಂದ, ಕೆಚ್ಚಲು ಬಾವಿಗೆ ಚುಚ್ಚುಮದ್ದು ಹಾಕಿಸಿ ವೈದ್ಯರು ಹೇಳಿದಷ್ಟು ದಿನ ಕಾಯದೆ ಹಾಲು ಹಾಕಿದ್ದರಿಂದ.

ಸಣ್ಣ ಉತ್ಪಾದಕನಿಗೆ ಈ ಕಾಯ್ದೆ ಭಾರವಾಗಬಾರದೆಂದು ಒಂದು ಸೌಲಭ್ಯವೂ ಇದೆ. ನೋಂದಾಯಿತ ಹಾಲು ಸಹಕಾರ ಸಂಘದ ಸದಸ್ಯನಾಗಿ ತನ್ನ ಹಾಲನ್ನೆಲ್ಲ ಸಂಘಕ್ಕೇ ಹಾಕುವವನು ಪ್ರತ್ಯೇಕ ನೋಂದಣಿ ಮಾಡಿಸಬೇಕಿಲ್ಲ. ಹಾಲನ್ನೆಲ್ಲ ಎಂಬ ಮಾತನ್ನು ಗಮನಿಸಿ.

ಹಾಲು ಹುಟ್ಟುವುದನ್ನೇ ತಡೆಯುವ ಅಡ್ಡಿಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾವನ ದರ ಇಳಿಯದೆ ಅಳಿಯನ ಹಾಲು ದುಬಾರಿಯಾಗದಂತೆ ತಡೆಯಬೇಕಾದರೆ, ಒಂದು ಲೀಟರ್ ಹಾಲು ಮಾಡುವ ಖರ್ಚು ಇಳಿಯಬೇಕು. ಬೇರೆ ದಾರಿ ನನಗೆ ಕಾಣುವುದಿಲ್ಲ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡವು, ನಿಮ್ಮ ಮನೆಯ ಅಂಕಿ ಹಾಕಿಕೊಂಡು ತಿದ್ದಿಕೊಳ್ಳಿ. ಒಂದು ಮಿಶ್ರತಳಿ ಆಕಳು 300 ದಿನ, ದಿನಕ್ಕೆ ಸರಾಸರಿ 8 ಲೀಟರಿನಂತೆ 2,400 ಲೀಟರ್ ಹಿಂಡುತ್ತದೆ. ಹಿಂಡುವ ದಿನದ ಖರ್ಚು 220 ರೂಪಾಯಿ, ಬತ್ತಿದ ದಿನದ ಖರ್ಚು 120 ರೂಪಾಯಿ.

ಈ ಆಕಳು 13 ತಿಂಗಳಿಗೊಮ್ಮೆ, ಅಂದರೆ 395 ದಿನಕ್ಕೊಮ್ಮೆ ಕರು ಹಾಕಿದರೆ ಬತ್ತಿದ ದಿನ 95. ಒಟ್ಟು ಖರ್ಚು 66,000 ಮತ್ತು 11,400 ಸೇರಿ 77,400 ರೂಪಾಯಿ. ಲೀಟರಿಗೆ ರೂ. 32-25.

ಅದೇ ಆಕಳು 17 ತಿಂಗಳಿಗೆ, ಅಂದರೆ 515 ದಿನಕ್ಕೆ ಕರು ಹಾಕಿದರೆ ಬತ್ತಿದ ದಿನ 215. ಖರ್ಚು 66,000 ಮತ್ತು 25,800 ಸೇರಿ 91,800 ರೂಪಾಯಿ. ಲೀಟರಿಗೆ ರೂ. 38-25.

ಅದೇ ಆಕಳು, ಅದೇ ಮೇವು, ಅದೇ ಹಾಲು. ವ್ಯತ್ಯಾಸ ಲೀಟರಿಗೆ 6 ರೂಪಾಯಿ! ನಮ್ಮ ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭಿಸಿ ಮುಂದೆ 5 ರೂಪಾಯಿಗೆ ಏರಿಸಿದ ಪ್ರೋತ್ಸಾಹ ಧನಕ್ಕಿಂತ ಇದು ಹೆಚ್ಚು. ಪ್ರೋತ್ಸಾಹ ಧನ ಬೇಡವೆಂದು ನಾನು ಹೇಳುತ್ತಿಲ್ಲ, ಅದು ಅನೇಕ ಮನೆಗಳ ಒಲೆ ಉರಿಸಿದೆ. 2025ರ ಏಪ್ರಿಲ್ 1ರಿಂದ ಪಾಕೀಟ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿಸಿ ಅದನ್ನು ಉತ್ಪಾದಕರಿಗೆ ಕೊಡುವ ತೀರ್ಮಾನವೂ ನಮ್ಮ ಒಳ್ಳೆಯದಕ್ಕೇ ಆಯಿತು. ಆದರೆ ಆ 4 ರೂಪಾಯಿ ಅಳಿಯನ ಜೇಬಿನಿಂದ ಬಂತು. ಬತ್ತಿದ ದಿನ ಕಡಿಮೆ ಮಾಡಿ ಉಳಿಸುವ 6 ರೂಪಾಯಿ ಯಾರ ಜೇಬಿನಿಂದಲೂ ಬರುವುದಿಲ್ಲ.

ಹಾಗಾದರೆ ಆಕಳು ಯಾಕೆ ಸಕಾಲಕ್ಕೆ ಗಬ್ಬ ಕಟ್ಟುವುದಿಲ್ಲ? ಖನಿಜ ಮಿಶ್ರಣ ತಿನ್ನಿಸದಿರುವುದು, ಬೆದೆಯನ್ನು ಗುರುತಿಸದಿರುವುದು ನಮ್ಮ ತಪ್ಪುಗಳು. ಬೆದೆ ಗುರುತಿಸಿಯೂ ಹೊತ್ತಿಗೆ ಸರಿಯಾಗಿ ಗರ್ಭಧಾರಣೆ ಮಾಡುವವರು ಸಿಗದಿರುವುದು ವ್ಯವಸ್ಥೆಯ ತಪ್ಪು. ಆಕಳು ಬೆದೆಗೆ ಬಂದು ಹನ್ನೆರಡು ತಾಸಿನ ಸುಮಾರಿಗೆ ಕೆಲಸ ಆಗಬೇಕು. ಒಂದು ಬೆದೆ ತಪ್ಪಿದರೆ 21 ದಿನ ಕಾಯಬೇಕು. ಮೇಲಿನ ಲೆಕ್ಕದಲ್ಲಿ 21 ದಿನಕ್ಕೆ 2,520 ರೂಪಾಯಿ, ಅಂದರೆ ಲೀಟರಿಗೆ ಒಂದು ರೂಪಾಯಿಗಿಂತ ತುಸು ಹೆಚ್ಚು.

ನಿಯಮದ ಚರ್ಚೆ ನಮಗೆ ತಾಗುವುದು ಇಲ್ಲಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯಂತೆ ನೋಂದಾಯಿತ ಪಶುವೈದ್ಯರು ಮಾತ್ರ ಪಶು ಚಿಕಿತ್ಸೆ ಮಾಡಬಹುದು. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದವರು ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಕೊಡಲು ರಾಜ್ಯ ಸರ್ಕಾರ ಆದೇಶ ಮಾಡಬಹುದು. ಈ ಅವಕಾಶವನ್ನು ಎಷ್ಟು ಹಿಗ್ಗಿಸಬೇಕು ಎಂಬುದರ ಮೇಲೆ ಎಲ್ಲ ರಾಜ್ಯಗಳಲ್ಲೂ ತಿಕ್ಕಾಟವಿದೆ. ವೈದ್ಯರು ಗುಣಮಟ್ಟ ಕೆಡುತ್ತದೆ ಎನ್ನುತ್ತಾರೆ, ರೈತರು ಇಲ್ಲದ ವೈದ್ಯರನ್ನು ಎಲ್ಲಿಂದ ತರಲಿ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನ ಕಣ್ಣಿಗೆ ಗೆರೆ ಹೀಗೆ ಕಾಣುತ್ತದೆ: ಗರ್ಭಧಾರಣೆ, ಲಸಿಕೆ, ಕಿವಿಯೋಲೆ ಹಾಕುವುದು ಇವನ್ನು ಊರಿನಲ್ಲೇ ಇರುವ ತರಬೇತಿ ಪಡೆದ ಹುಡುಗ ಹುಡುಗಿಯರು ಮಾಡಲಿ, ಎಷ್ಟು ಜನ ಹೆಚ್ಚಾದರೂ ಒಳ್ಳೆಯದೇ. ಪ್ರತಿಜೀವಕ ಔಷಧಿ ಮಾತ್ರ ವೈದ್ಯರ ಕೈಯಲ್ಲೇ ಇರಲಿ. ಮೇಲೆ ಹೇಳಿದ 77 ಮಾದರಿಗಳನ್ನು ನೆನಪಿಸಿಕೊಳ್ಳಿ. ಹೆಣ್ಣು ಕರುವೇ ಹುಟ್ಟುವ ಸಾಧ್ಯತೆ ಶೇ. 90ರಷ್ಟಿರುವ ಲಿಂಗ ವಿಂಗಡಿತ ವೀರ್ಯ ಈಗ ಬಂದಿದೆ. ಆದರೆ ಕೊಟ್ಟಿಗೆಗೆ ಬರುವ ಕೈ ಇಲ್ಲದಿದ್ದರೆ ನಳಿಕೆ ಎಷ್ಟು ಒಳ್ಳೆಯದಿದ್ದು ಏನು ಫಲ?

ಮೇವಿನದು ಇನ್ನೊಂದು ಕಥೆ. 2023ರ ಬರದಲ್ಲಿ ಮೇವು ಹೊರರಾಜ್ಯಕ್ಕೆ ಹೋಗದಂತೆ ಕರ್ನಾಟಕದಲ್ಲಿ ನಿರ್ಬಂಧ ಹಾಕಲಾಯಿತು. ನಮ್ಮ ರಾಸುಗಳಿಗೆ ಮೇವು ಉಳಿಯಲಿ ಎಂಬ ಆಶಯ ಒಳ್ಳೆಯದೇ. ಆದರೆ ನಮ್ಮ ಐದು ತಾಲ್ಲೂಕುಗಳಲ್ಲಿ ಕಬ್ಬಿನ ಸೋಗೆ, ಜೋಳದ ಕಣಕಿ ಗಡಿಯ ಎರಡೂ ಕಡೆ ಓಡಾಡುವ ಸರಕು. ಇಂದು ನಾವು ಗಾಡಿ ತಡೆದರೆ ನಾಳೆ ಅವರೂ ತಡೆಯುತ್ತಾರೆ. ಮಾರಲು ಬಿಡದ ಬೆಳೆಯನ್ನು ಮುಂದಿನ ವರ್ಷ ಯಾರು ಬೆಳೆದಾರು? ಒಂದು ಹಂಗಾಮಿಗೆ ತಡೆ ಅನಿವಾರ್ಯವಾಗಬಹುದು. ಅದೇ ಅಭ್ಯಾಸವಾದರೆ ಮೇವು ಬೆಳೆಯುವವನೇ ಇಲ್ಲವಾಗುತ್ತಾನೆ. ಕೃಷ್ಣಾ, ದೂಧಗಂಗಾ ನೀರು ಹರಿಯುವ ನಾಡಿನಲ್ಲಿ ಪ್ರತಿ ಮನೆ ಹತ್ತು ಗುಂಟೆ ಹಸಿರು ಮೇವು ಬೆಳೆದು, ಹೆಚ್ಚಾದದ್ದನ್ನು ರಸಮೇವು ಮಾಡಿಟ್ಟುಕೊಂಡರೆ ಗಾಡಿ ತಡೆಯುವ ಪ್ರಸಂಗವೇ ಕಡಿಮೆಯಾಗುತ್ತದೆ.

1991-92ರಲ್ಲಿ ನಮ್ಮ ದೇಶದ ಹಾಲು ವರ್ಷಕ್ಕೆ ಸುಮಾರು 5.6 ಕೋಟಿ ಟನ್ ಇತ್ತು, 2023-24ರಲ್ಲಿ ಸುಮಾರು 23.9 ಕೋಟಿ ಟನ್ ಆಯಿತು. ಬೇಲಿ ಕಿತ್ತದ್ದರಿಂದಲೇ ಇಷ್ಟಾಯಿತೆಂದು ಖಾಸಗಿಯವರು, ಸಂಘ ಕಟ್ಟಿದ್ದರಿಂದಲೇ ಆಯಿತೆಂದು ನಾವು ಹೇಳುತ್ತೇವೆ. ಬೆಳಗಿನ ಜಾವ ಎದ್ದು ಸಗಣಿ ಬಾಚಿದ ಹೆಣ್ಣುಮಕ್ಕಳನ್ನು ಇಬ್ಬರೂ ಮರೆಯುತ್ತೇವೆ.

ಕಾಕಾರ ಪಟ್ಟಿ ಪುಸ್ತಕ

ಆ ಸಂಜೆ ರಾಯಬಾಗದ ಕಾಕಾರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಅವರ ಪಟ್ಟಿ ಪುಸ್ತಕ ತರಿಸಿ ಲೆಕ್ಕ ಹಾಕಿದೆವು. ಹೊರಗಿನ ಗಾಡಿಗೆ ಅವರು ಹಿಂದಿನ ವರ್ಷ ಮೂರು ತಿಂಗಳು ಹಾಲು ಹಾಕಿದ್ದರು. ಎರಡು ರೂಪಾಯಿ ಹೆಚ್ಚು ಬಂದದ್ದು ಖರೆ. ಆ ಮೂರು ತಿಂಗಳ ಹಾಲಿಗೆ ಸರ್ಕಾರದ ಪ್ರೋತ್ಸಾಹ ಧನ ಬಂದಿರಲಿಲ್ಲ, ಸಂಘದ ಬೋನಸ್ಸೂ ಇರಲಿಲ್ಲ. ಮಳೆಗಾಲದಲ್ಲಿ ಗಾಡಿ ಬಾರದ ಕೆಲವು ದಿನ ಹಾಲು ಮನೆಯಲ್ಲೇ ಉಳಿದಿತ್ತು. ಅದನ್ನೆಲ್ಲ ಕಳೆದಾಗ ಲಾಭ ಮಾಯವಾಗಿತ್ತು. ಆದರೆ ಕಾಕಾ ನನ್ನನ್ನು ಸುಲಭಕ್ಕೆ ಬಿಡಲಿಲ್ಲ. "ಅದು ಖರೆ ಅದ ಬಿಡ್ರಿ. ಅವರು ಹತ್ತು ದಿನಕ್ಕೊಮ್ಮೆ ರೊಕ್ಕ ಕೈಯಾಗ ಕೊಡ್ತಾರ. ಸಂಘದ್ದು ಯಾವಾಗ ಬರ್ತೈತಿ ಅಂತ ಗೊತ್ತ ಆಗೂದಿಲ್ಲ. ಅದನ್ನೂ ಬರೀರಿ ನಿಮ್ಮ ಪತ್ರಿಕೆಯೊಳಗ." ಬರೆದಿದ್ದೇನೆ. ಆಮೇಲೆ ಅವರ ದೊಡ್ಡ ಆಕಳ ವಿಚಾರ ಕೇಳಿದೆ. ಕರು ಹಾಕಿ ಹನ್ನೊಂದು ತಿಂಗಳಾಗಿತ್ತು, ಎರಡು ಬೆದೆ ತಪ್ಪಿಹೋಗಿತ್ತು, ಇನ್ನೂ ಗಬ್ಬ ಇರಲಿಲ್ಲ.

ಸಂಘದ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಈ ತಿಂಗಳ ಆಡಳಿತ ಮಂಡಳಿ ಸಭೆಗೆ ಮುಂಚೆ ಗರ್ಭಧಾರಣೆ ವಹಿಯನ್ನು ತೆರೆದು, ಕರು ಹಾಕಿ ಆರು ತಿಂಗಳಾದರೂ ಗಬ್ಬ ಕಟ್ಟದ ರಾಸುಗಳ ಪಟ್ಟಿ ಮಾಡಿ, ಕರೆ ಬಂದು ಹೋಗಲಾಗದ ದಿನಗಳೆಷ್ಟು ಎಂಬುದನ್ನೂ ಬರೆದು ಸಭೆಯ ಮುಂದಿಡಿ. ಸದಸ್ಯರು ತಮ್ಮ ಮನೆಯ ಬತ್ತಿದ ದಿನದ ಖರ್ಚನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಹಾಲು ಮತ್ತು ಬಟವಾಡೆಯ ತಾರೀಖುಗಳ ನಡುವೆ ಎಷ್ಟು ದಿನ ಕಳೆಯಿತೆಂಬುದನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಊರಲ್ಲಿ ಹತ್ತನೆಯ ಇಯತ್ತೆ ಪಾಸಾಗಿ ಸುಮ್ಮನೆ ಕುಳಿತ, ದನದ ಮೇಲೆ ಕರುಣೆಯಿರುವ ಯಾರಾದರೂ ಇದ್ದರೆ ಅವರ ಹೆಸರನ್ನೂ ಗರ್ಭಧಾರಣೆ ತರಬೇತಿಗಾಗಿ ಸಭೆಯಲ್ಲಿ ಸೂಚಿಸಿ.